ದಕ್ಕೆಯ ಹಮಾಲರೂ ದಾಖಲೆಯ ಹೆಸರೂ

ಪುಣೆಯ ಪೂರ್ವಕ್ಕೆ, ಹಡಪಸರದ ಮಗ್ಗುಲಲ್ಲಿರುವ ಮಗರಪಟ್ಟಾ ಇಂದು ಗಣಕ ಸಂಸ್ಥೆಗಳ ಗೋಪುರಗಳಿಗೂ ಅಚ್ಚುಕಟ್ಟಾದ ಬೀದಿಗಳಿಗೂ ಹೆಸರಾಗಿದೆ. ಕಾಲು ಶತಮಾನದ ಹಿಂದೆ ಅದು ಬೇಸಾಯದ ನೆಲವಾಗಿತ್ತು. ಅಲ್ಲಿಯ ಸುಮಾರು 120 ರೈತ ಕುಟುಂಬಗಳು, ಬಹುಮಟ್ಟಿಗೆ ಮಗರ್ ಮನೆತನದವು, ತಮ್ಮ 400ಕ್ಕೂ ಮಿಕ್ಕ ಎಕರೆ ಭೂಮಿಯನ್ನು ಹೊರಗಿನವರಿಗೆ ಮಾರದೆ ಒಂದುಗೂಡಿಸಿ, ಕಂಪೆನಿಯೊಂದನ್ನು ಕಟ್ಟಿ, ಹಿಡುವಳಿಗೆ ತಕ್ಕಂತೆ ಷೇರುಗಳನ್ನು ಪಡೆದುವು. 2000ದ ಸುಮಾರಿಗೆ ನಗರದ ನಿರ್ಮಾಣ ಮೊದಲಾಯಿತು. ಈ ಪ್ರಯೋಗವನ್ನು ಹೊಗಳದ ಅರ್ಥಶಾಸ್ತ್ರಜ್ಞರು ವಿರಳ. ಹೊಗಳಿಕೆ ಅನುಚಿತವೂ ಅಲ್ಲ. ಆದರೆ ಪಾಲಿನ ಲೆಕ್ಕಕ್ಕೆ ಆಧಾರವಾದುದು ಯಾವುದೆಂಬುದನ್ನು ಗಮನಿಸಬೇಕು. ಮಹಾರಾಷ್ಟ್ರದಲ್ಲಿ 'ಸಾತ್-ಬಾರಾ ಉತಾರಾ' ಎಂದು ಕರೆಯುವ ಭೂದಾಖಲೆಯಲ್ಲಿ ಹೆಸರಿದ್ದವನು ಪಾಲುದಾರನಾದನು. ಅದೇ ಗೋಪುರಗಳಿಗೆ ಇಟ್ಟಿಗೆ, ಸಿಮೆಂಟು, ಕಬ್ಬಿಣಗಳನ್ನು ಹೊತ್ತವನ ಹೆಸರಿಗೆ ಆ ಹಾಳೆಯಲ್ಲಿ ಕಲಮೇ ಇರಲಿಲ್ಲ.

ದಿನಗೂಲಿಯ ಹೆಸರು ಯಾವ ದಾಖಲೆಯಲ್ಲಿ, ಯಾವ ನ್ಯಾಯದಿಂದ ಬರೆಯಲ್ಪಡಬೇಕು? ಭಾರತದಲ್ಲಿ ಈ ಪ್ರಶ್ನೆಗೆ ಮೊದಲ ಗಟ್ಟಿಯಾದ ಉತ್ತರ ದೊರೆತುದು ಕಡಲಂಚಿನ ದಕ್ಕೆಗಳಲ್ಲಿ. ಸಮುದ್ರವಿಲ್ಲದ ಪುಣೆಗೆ ಅದು ಘಟ್ಟವೇರಿ ಬಂದಿತು. ಈ ಪಯಣದ ಮುಖ್ಯ ಪಾತ್ರಧಾರಿಗಳಲ್ಲಿ ಇಬ್ಬರು ಮಂಗಳೂರು ಸೀಮೆಯವರೆಂಬುದು ಹೊರನಾಡಿನ ಕನ್ನಡಿಗರಿಗೆ ನೆನಪಿರಬೇಕಾದ ಸಂಗತಿ.

ದಕ್ಕೆಯ ಕೆಲಸಕ್ಕೂ ಗಿರಣಿಯ ಕೆಲಸಕ್ಕೂ ಮೂಲದಲ್ಲಿಯೇ ಒಂದು ವ್ಯತ್ಯಾಸವುಂಟು. ಗಿರಣಿಯ ಕಹಳೆ ದಿನವೂ ಊದುತ್ತದೆ. ಹಡಗು ದಿನವೂ ಬರುವುದಿಲ್ಲ. ಒಂದು ವಾರ ನಾಲ್ಕು ಹಡಗುಗಳು ಒಟ್ಟಿಗೆ ನಿಂತು ಸಾವಿರ ಆಳು ಸಾಲದಾದರೆ, ಮುಂದಿನ ವಾರ ನೂರು ಜನಕ್ಕೂ ಕೆಲಸವಿರುವುದಿಲ್ಲ. ನಿಂತ ಹಡಗಿಗೆ ದಿನದ ಬಾಡಿಗೆ ಏರುತ್ತಲೇ ಇರುವುದರಿಂದ ಅದರ ಯಜಮಾನನಿಗೆ ಅವಸರ. ಕರೆದೊಡನೆ ಕೈ ಸಿಗಬೇಕಾದರೆ ಬಾಗಿಲಲ್ಲಿ ಬೇಕಾದುದಕ್ಕಿಂತ ಹೆಚ್ಚು ಜನ ಕಾದಿರಬೇಕು. ಹೀಗೆ ಕಾಯುವ ಹೊತ್ತಿಗೆ ಕೂಲಿಯಿಲ್ಲ. ದಕ್ಕೆಯ ಬಡತನದ ಗುಟ್ಟೆಲ್ಲ ಈ ಕೂಲಿಯಿಲ್ಲದ ಕಾಯುವಿಕೆಯಲ್ಲಿದೆ. ದಿನದ ಕೂಲಿ ಕಡಮೆಯೆಂಬುದು ಅದರ ಮುಂದೆ ಎರಡನೆಯ ಮಾತು. 1889ರ ಲಂಡನ್ ಬಂದರಿನ ಮಹಾಮುಷ್ಕರದಲ್ಲಿ ಬೆನ್ ಟಿಲೆಟ್ ಮೊದಲಾದವರು ಗಂಟೆಗೆ ಆರು ಪೆನ್ನಿಯ ಕೂಲಿಯೊಡನೆ, ಒಮ್ಮೆ ಕರೆದರೆ ನಾಲ್ಕು ಗಂಟೆಗೆ ಕಡಮೆಯಿಲ್ಲದ ಕೆಲಸ ಕೊಡಬೇಕೆಂದೂ ಕೇಳಿದುದು ಇದೇ ಕಾರಣದಿಂದ. ಚರಿತ್ರೆಯಲ್ಲಿ ಆರು ಪೆನ್ನಿಯ ಮಾತೇ ಪ್ರಸಿದ್ಧವಾಯಿತು. ನಾಲ್ಕು ಗಂಟೆಯ ಬೇಡಿಕೆಯೇ ಹೆಚ್ಚು ಆಳವಾದುದು.

ಮುಂಬಯಿಯಲ್ಲಿ 1875ರಲ್ಲಿ ಸಸೂನ್ ಡಾಕ್, 1880ರಲ್ಲಿ ಪ್ರಿನ್ಸೆಸ್ ಡಾಕ್, 1914ರಲ್ಲಿ ಅಲೆಗ್ಸಾಂಡ್ರಾ ಡಾಕ್ ತೆರೆದುವು. ಅಲ್ಲಿ ಆಳುಗಳನ್ನು ಕೂಡಿಸುತ್ತಿದ್ದವನು ಟೋಳಿವಾಲ. ಹಡಗಿನ ಯಜಮಾನ ಟೋಳಿವಾಲನನ್ನು ಬಲ್ಲನು, ಆಳುಗಳನ್ನು ಅರಿಯನು. ಬೆಳಗಿನಲ್ಲಿ ಯಾರನ್ನು ಬೆರಳು ಮಾಡಿ ಕರೆಯಬೇಕು, ಯಾರನ್ನು ಬಿಡಬೇಕು ಎಂಬುದು ಅವನ ಇಚ್ಛೆ. ಆ ಇಚ್ಛೆಗೆ ಬೆಲೆಯೂ ಉಂಟು. 1931ರಲ್ಲಿ ವರದಿಯೊಪ್ಪಿಸಿದ ರಾಜಕೀಯ ಕಾರ್ಮಿಕ ಆಯೋಗ, ಅಂದರೆ ವಿಟ್ಲಿ ಆಯೋಗ, ಬಂದರಿನ ಆಳುಗಳ ಸಂಖ್ಯೆಯನ್ನು ಮಿತಗೊಳಿಸಿ ಅವರನ್ನು ನೋಂದಾಯಿಸಬೇಕೆಂದು ಸಲಹೆ ಮಾಡಿತು. ಹದಿನೇಳು ವರ್ಷ ಆ ಸಲಹೆ ಕಪಾಟಿನಲ್ಲಿಯೇ ಉಳಿಯಿತು.

ಈ ನಡುವೆ 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ 'ಫೋರ್ಟ್ ಸ್ಟಿಕೀನ್' ಹಡಗು ಸಿಡಿಯಿತು. ಹತ್ತಿಯೂ ಸುಮಾರು 1,400 ಟನ್ ಸ್ಫೋಟಕಗಳೂ ಒಂದೇ ಒಡಲಲ್ಲಿದ್ದುವು. ಬೆಂಕಿಯನ್ನು ನಂದಿಸಹೋಗಿ ಮಡಿದ ಅಗ್ನಿಶಾಮಕ ದಳದವರು 66 ಮಂದಿ. ಅವರ ಸ್ಮರಣಾರ್ಥವಾಗಿ ಆ ದಿನವನ್ನು ದೇಶವೆಲ್ಲ ಇಂದಿಗೂ ಆಚರಿಸುತ್ತದೆ. ಒಟ್ಟು ಮೃತರ ಸಂಖ್ಯೆಯಾದರೋ ಒಂದು ಲೆಕ್ಕದಲ್ಲಿ 800, ಇನ್ನೊಂದರಲ್ಲಿ 1,300. ಅಗ್ನಿಶಾಮಕ ದಳಕ್ಕೆ ಹಾಜರಿ ಪುಸ್ತಕವಿತ್ತು; ಬೆಳಗಿನ ಗುಂಪಿನಿಂದ ಕರೆಯಲ್ಪಟ್ಟ ಆಳಿಗೆ ಅದಿರಲಿಲ್ಲ. ಒಂದು ನಗರ ತನ್ನ ಸತ್ತವರನ್ನು ಎಣಿಸುವಲ್ಲಿ ಐನೂರರ ಅಂತರ ಉಳಿಸಿಕೊಂಡಿತೆಂದರೆ, ಬದುಕಿದ್ದಾಗ ಅವರನ್ನು ಎಷ್ಟರಮಟ್ಟಿಗೆ ಎಣಿಸಿತ್ತೆಂಬುದನ್ನು ಊಹಿಸಬಹುದು.

1948ರಲ್ಲಿ ಬಂದರು ಕಾರ್ಮಿಕರ ಉದ್ಯೋಗ ನಿಯಂತ್ರಣ ಅಧಿನಿಯಮ ಬಂದಿತು. 1951ರಲ್ಲಿ ಅದರಡಿ ಮುಂಬಯಿಯ ಯೋಜನೆ ಸಿದ್ಧವಾಯಿತು. ಇದನ್ನು ಕಾಗದದಿಂದ ದಕ್ಕೆಗೆ ಇಳಿಸುವಲ್ಲಿ ಕಾರ್ಮಿಕ ಸಂಘದ ಒತ್ತಾಯ ಬೇಕಾಯಿತು. ಆ ಸಂಘದ ಮುಂದಾಳು ಪ್ಲಾಸಿಡ್ ಡಿಮೆಲ್ಲೊ, ಮಂಗಳೂರಿನ ಕಡೆಯಿಂದ ಮುಂಬಯಿಗೆ ಬಂದವರು. ಮಂಜಿಗಳು ಬಂದು ತಂಗುವ ಹಳೆ ಬಂದರಿನ ಸೀಮೆಯಿಂದ ಬಂದವರಿಗೆ ಹೊರೆಯಾಳಿನ ಬಾಳು ಅಪರಿಚಿತವಾಗಿರಲಾರದು. 1958ರಲ್ಲಿ, ನಲವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು. ಬಂದರಿನುದ್ದಕ್ಕೂ ಹಾದುಹೋಗುವ ಫ್ರಿಯರ್ ರಸ್ತೆಗೆ ಅವರ ಹೆಸರನ್ನಿಟ್ಟರು, ಇಂದು ಪಿ. ಡಿಮೆಲ್ಲೊ ರಸ್ತೆಯಲ್ಲಿ ಓಡಾಡುವ ಕನ್ನಡಿಗರಲ್ಲಿ ಎಷ್ಟು ಮಂದಿ ಆ ಹೆಸರಿನ ಊರನ್ನು ಬಲ್ಲರೋ! ಅವರ ಗರಡಿಯಲ್ಲಿ ಪಳಗಿದವರು ಜಾರ್ಜ್ ಫರ್ನಾಂಡಿಸ್. 1930ರ ಜೂನ್ 3ರಂದು ಮಂಗಳೂರಿನಲ್ಲಿ ಹುಟ್ಟಿ, ಬೆಂಗಳೂರಿನ ಸೆಮಿನರಿಯನ್ನು ಬಿಟ್ಟು, ಕೈಬರಿದಾಗಿ ಮುಂಬಯಿಗೆ ಬಂದು, ಡಿಮೆಲ್ಲೊರವರ ಬಳಿ ಸಂಘಟನೆಯ ಅಕ್ಷರಾಭ್ಯಾಸ ಮಾಡಿದರು. 1967ರ ಚುನಾವಣೆ, 1974ರ ರೈಲ್ವೆ ಮುಷ್ಕರಗಳು ಎಲ್ಲರೂ ಬಲ್ಲ ಕಥೆ. 1968ರಲ್ಲಿ ಅವರು ಸ್ಥಾಪಿಸಿದ ಮುಂಬಯಿ ಕಾರ್ಮಿಕ ಸಹಕಾರಿ ಬ್ಯಾಂಕಿನ ವಿಷಯ ಅಷ್ಟು ಪ್ರಸಿದ್ಧವಲ್ಲ. ಸಾಲ ಕೊಡುವವನು ಕೇಳುವುದು ಎರಡೇ ಪ್ರಶ್ನೆ: ನೀನು ಯಾರು, ಮುಂದಿನ ತಿಂಗಳು ನಿನಗೆ ಎಷ್ಟು ಬರುವುದು? ಟೋಳಿವಾಲನ ಆಳಿಗೆ ಎರಡಕ್ಕೂ ಉತ್ತರವಿಲ್ಲದುದರಿಂದ ಅವನು ಪಠಾಣನ ಬಡ್ಡಿಗೆ ಬೀಳುತ್ತಿದ್ದನು. ನೋಂದಾಯಿತ ಕಾರ್ಮಿಕನ ಕೈಯಲ್ಲಿ ಚೀಟಿಯೂ ಇತ್ತು, ಕನಿಷ್ಠ ಆದಾಯದ ಭರವಸೆಯೂ ಇತ್ತು. ಕಾರ್ಮಿಕರ ಬ್ಯಾಂಕೆಂಬ ಕಲ್ಪನೆ ಸಾಧ್ಯವಾದುದು ಇಂಥ ನೆಲಗಟ್ಟಿನ ಮೇಲೆ. ಮುಂದೆ ನ್ಯೂ ಇಂಡಿಯಾ ಸಹಕಾರಿ ಬ್ಯಾಂಕ್ ಎಂದು ಹೆಸರು ಬದಲಿಸಿಕೊಂಡ ಅದು 2025ರಲ್ಲಿ ಸಾರಸ್ವತ ಬ್ಯಾಂಕಿನಲ್ಲಿ ವಿಲೀನವಾಯಿತು.

ಈ ನೋಂದಣಿಯ ಕ್ರಮವೇನೆಂಬುದನ್ನು ಸ್ವಲ್ಪ ವಿವರಿಸುವುದು ಅವಶ್ಯ. ಸರಕಾರ, ಮಾಲಿಕರು, ಕಾರ್ಮಿಕರು ಈ ಮೂರು ಪಕ್ಷಗಳ ಪ್ರತಿನಿಧಿಗಳುಳ್ಳ ಮಂಡಳಿಯೊಂದು ಆಳುಗಳ ಪಟ್ಟಿಯನ್ನಿಟ್ಟುಕೊಳ್ಳುತ್ತದೆ. ಕೆಲವರು ಒಬ್ಬೊಬ್ಬ ಮಾಲಿಕನಿಗೆ ತಿಂಗಳ ಲೆಕ್ಕದಲ್ಲಿ ಸೇರಿದವರು; ಉಳಿದವರು ಮೀಸಲು ಪಂಗಡದವರು. ಹಡಗು ಬಂದಾಗ ಮೀಸಲು ಪಂಗಡದಿಂದ ಸರದಿಯ ಪ್ರಕಾರ ಕರೆ ಹೋಗುತ್ತದೆ. ಬೆರಳು ಮಾಡುವ ಮನುಷ್ಯನ ಸ್ಥಾನವನ್ನು ಸರದಿಯ ಪುಸ್ತಕ ತುಂಬುತ್ತದೆ. ಬಂದು ನಿಂತು ಕೆಲಸ ಸಿಗದಿದ್ದವನಿಗೆ ಹಾಜರಿ ಭತ್ಯೆಯುಂಟು; ತಿಂಗಳಲ್ಲಿ ಇಷ್ಟು ದಿನದ ಕೂಲಿ ಕಡಮೆಯಾಗಬಾರದೆಂಬ ಕಟ್ಟುಪಾಡೂ ಉಂಟು. ಇದಕ್ಕೆಲ್ಲ ಹಣವೆಲ್ಲಿಯದು? ಮಾಲಿಕನು ಕೂಲಿಯ ಜೊತೆಗೆ ಶೇಕಡಾವಾರು ವಂತಿಗೆಯನ್ನು ಮಂಡಳಿಗೆ ಕಟ್ಟುತ್ತಾನೆ. ಯಾವ ಒಬ್ಬ ಮಾಲಿಕನೂ ವರ್ಷವಿಡೀ ಪೋಷಿಸಲಾರದ ಆಳನ್ನು ಎಲ್ಲ ಮಾಲಿಕರೂ ಸೇರಿ ಪೋಷಿಸುವರು, ಅಷ್ಟೆ. ಊರೊಟ್ಟಿನ ತಳವಾರನಿಗೆ ಮನೆಮನೆಯಿಂದ ಆಯ ಕೊಡುತ್ತಿದ್ದ ಪದ್ಧತಿಯನ್ನು ಬಲ್ಲ ನಮ್ಮವರಿಗೆ ಇದು ತೀರ ಹೊಸದಲ್ಲ. ಭೇದವೆಂದರೆ ಇಲ್ಲಿ ಆಯವು ದಯೆಯಿಂದ ಬರದೆ ಕಾನೂನಿನಿಂದ ಬರುತ್ತದೆ, ಜಾತಿಗೆ ಅಂಟಿಕೊಳ್ಳುವುದಿಲ್ಲ.

ಕಂಟೇನರ್ ಪೆಟ್ಟಿಗೆ ಬಂದ ಮೇಲೆ ದಕ್ಕೆಯ ಕಥೆ ಬೇಗನೆ ಮುಗಿಯಿತು. 1989ರಲ್ಲಿ ನ್ಹಾವಾ ಶೇವಾ ಬಂದರು ತೆರೆಯಿತು. ನೂರು ಹೆಗಲುಗಳ ಕೆಲಸವನ್ನು ಒಂದು ಕ್ರೇನು ಮಾಡಿತು. 1997ರ ಇನ್ನೊಂದು ಅಧಿನಿಯಮ ದೊಡ್ಡ ಬಂದರುಗಳ ಕಾರ್ಮಿಕ ಮಂಡಳಿಗಳನ್ನು ಬಂದರು ಟ್ರಸ್ಟುಗಳಲ್ಲಿ ವಿಲೀನಗೊಳಿಸಲು ದಾರಿಮಾಡಿತು.

ಸಾಹಿತ್ಯದಲ್ಲಿ ಈ ಬಾಳು ಹೇಗೆ ಮೂಡಿತು? ಮರಾಠಿಗೆ ಅಣ್ಣಾಭಾವು ಸಾಠೆಯವರಂಥ ಶಾಹಿರರೂ, 1966ರಲ್ಲಿ 'ಮಾಝೇ ವಿದ್ಯಾಪೀಠ' ಎಂಬ ಸಂಗ್ರಹವನ್ನು ಕೊಟ್ಟ ನಾರಾಯಣ ಸುರ್ವೆಯವರೂ ದೊರೆತರು; ಇವರು ದುಡಿಮೆಯನ್ನು ದೂರದಿಂದ ಕಂಡವರಲ್ಲ. ಮುಂಬಯಿಯ ಕನ್ನಡ ಬರಹಗಾರರು ಬಹುಮಟ್ಟಿಗೆ ಕಚೇರಿಯ ಮೇಜಿನ ಹಿಂದಿನಿಂದ ನಗರವನ್ನು ನೋಡಿದರು. 1979ರ ಯಶವಂತ ಚಿತ್ತಾಲರ 'ಶಿಕಾರಿ' ಇದಕ್ಕೆ ಶ್ರೇಷ್ಠ ನಿದರ್ಶನ. ವ್ಯಾಸರಾಯ ಬಲ್ಲಾಳರ 'ಬಂಡಾಯ' ಕಾರ್ಮಿಕ ಚಳವಳಿಯನ್ನೇ ವಸ್ತುವಾಗಿಸಿ 1986ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಗಳಿಸಿತು. ದಕ್ಕೆಯ ಹೊರೆಯಾಳು ತಾನೇ ಕನ್ನಡದಲ್ಲಿ ಬರೆದುಕೊಂಡ ಕಾದಂಬರಿ ನಮ್ಮಲ್ಲಿ ನೆಲೆಗೊಂಡಿಲ್ಲ. ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ಹುಡುಗರು ಲೇಖಕರಾದುದುಂಟು. ರಾತ್ರಿಪಾಳಿಯ ದಕ್ಕೆಯಾಳಿಗೆ ಆ ಶಾಲೆಯ ಹೊತ್ತೂ ಉಳಿಯಲಿಲ್ಲ.

ಚಲನಚಿತ್ರಕ್ಕೆ ದಕ್ಕೆ ಹೆಚ್ಚು ಒಲಿಯಿತು. 1954ರಲ್ಲಿ ಎಲಿಯಾ ಕಜಾನರ 'ಆನ್ ದಿ ವಾಟರ್‌ಫ್ರಂಟ್' ಅಮೆರಿಕದ ಬಂದರೊಂದರ ಬೆಳಗಿನ ಆಯ್ಕೆಯನ್ನು ತೋರಿಸಿತು: ಕೆಲಸದ ಬಿಲ್ಲೆಗಳಿಗಾಗಿ ಆಳುಗಳು ಒಬ್ಬರ ಮೇಲೊಬ್ಬರು ಬೀಳುವ ಆ ದೃಶ್ಯ ಒಂದು ಆಯೋಗದ ವರದಿಗೆ ಸಮವಾದುದು. 1975ರ ಹಿಂದಿ ಚಿತ್ರ 'ದೀವಾರ್'ನ ನಾಯಕ ಮುಂಬಯಿ ದಕ್ಕೆಯ ಹಮಾಲ. ವಾರದ ಹಫ್ತಾ ಕೊಡಲೊಪ್ಪದೆ ಎದ್ದು ನಿಲ್ಲುವನು. ಅವನ ಬಿಲ್ಲೆಯ ಸಂಖ್ಯೆ 786. ಚಿತ್ರದಲ್ಲಿ ಆ ಬಿಲ್ಲೆ ಅವನನ್ನು ಗುಂಡಿನಿಂದ ಕಾಯುವ ದೈವಿಕ ರಕ್ಷೆ. ನಿಜವಾದ ದಕ್ಕೆಯಲ್ಲಿಯೂ ಬಿಲ್ಲೆ ಹಮಾಲನನ್ನು ಕಾಯುತ್ತಿತ್ತು, ಆದರೆ ದೈವಬಲದಿಂದಲ್ಲ, ಸರದಿ ಪುಸ್ತಕದ ಬಲದಿಂದ. ಸಿನಿಮಾದ ನಾಯಕ ಒಬ್ಬನೇ ಹೋರಾಡಿ ಮುಂದೆ ಕಳ್ಳಸಾಗಣೆಯ ಹಾದಿ ಹಿಡಿಯುವನು. ಕಥೆಯಲ್ಲಿ ಡಿಮೆಲ್ಲೊರಂಥವರಿಗೆ ಎಡೆಯಿಲ್ಲ. ಸಂಘದ ಸಭೆ ಪರದೆಯ ಮೇಲೆ ರಂಜಿಸದೆಂಬುದು ನಿಜವೇ ಆದರೂ, ಸಾವಿರಾರು ಪ್ರೇಕ್ಷಕರ ತಲೆಯಲ್ಲಿ ದಕ್ಕೆಯೆಂದರೆ ಪುಂಡರ ಠಾವು ಎಂಬ ಭಾವನೆ ಉಳಿದುದು ನಷ್ಟವೇ ಸರಿ.

ಇನ್ನು ಪುಣೆಗೆ ಬರೋಣ. ಧಾನ್ಯದ ಮಂಡಿಯಲ್ಲಿಯೂ ದಕ್ಕೆಯ ನ್ಯಾಯವೇ: ಲಾರಿ ಬಂದರೆ ಕೆಲಸ, ಬಾರದಿದ್ದರೆ ಉಪವಾಸ. 1950ರ ದಶಕದ ಮಧ್ಯದಲ್ಲಿ ವೃತ್ತಿಯಿಂದ ವೈದ್ಯರಾದ ಬಾಬಾ ಆಢಾವರು ಇಲ್ಲಿ ಹಮಾಲ ಪಂಚಾಯತನ್ನು ಕಟ್ಟಿದರು. ಅವರು ಹುಟ್ಟಿದುದು 1930ರ ಜೂನ್ 1ರಂದು, ಫರ್ನಾಂಡಿಸರಿಗಿಂತ ಎರಡೇ ದಿನ ಹಿರಿಯರು, ತೀರಿಕೊಂಡುದು 2025ರಲ್ಲಿ. ನೂರು ಕಿಲೋ ತೂಕದ ಗೋಣಿಚೀಲವನ್ನು ಒಬ್ಬನೇ ಹೊರುವ ರೂಢಿಯ ವಿರುದ್ಧ ಪಂಚಾಯತು ಬಹುಕಾಲ ಹೋರಾಡಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ಸೂಚಿಸಿದ ಮಿತಿ 55 ಕಿಲೋ. 1974ರಲ್ಲಿ ಆರಂಭವಾದ 'ಕಷ್ಟಾಚೀ ಭಾಕರ್' ಊಟದ ಮನೆ ಅಗ್ಗದಲ್ಲಿ ರೊಟ್ಟಿ ಪಲ್ಯವನ್ನು ನೀಡಿತು. ಇತ್ತ ಮುಂಬಯಿಯಲ್ಲಿ ಅಣ್ಣಾಸಾಹೇಬ ಪಾಟೀಲರು ಮಾಥಾಡಿಗಳನ್ನು, ಅಂದರೆ ತಲೆಹೊರೆಯವರನ್ನು, ಸಂಘಟಿಸಿದರು. ಈ ಒತ್ತಡಗಳ ಫಲವೇ ಮಹಾರಾಷ್ಟ್ರದ 1969ರ ಮಾಥಾಡಿ ಹಮಾಲರ ಅಧಿನಿಯಮ. ಅದರ ಅಂಗಾಂಗಗಳನ್ನು ನೋಡಿದರೆ 1948ರ ದಕ್ಕೆಯ ಕಾನೂನಿನ ಮುಖಚ್ಛಾಯೆ ತಪ್ಪದೆ ಕಾಣುತ್ತದೆ: ಅದೇ ತ್ರಿಪಕ್ಷ ಮಂಡಳಿ, ಅದೇ ಪಟ್ಟಿ, ಅದೇ ವಂತಿಗೆ. ಮಾಥಾಡಿಯ ಹೆಸರು ಹೇಳಿಕೊಂಡು ಕಾರ್ಖಾನೆಗಳಿಂದ ಹಣ ಕೀಳುವವರ ಮೇಲಣ ದೂರುಗಳು ಪುಣೆಯಲ್ಲಿ ಬಹಳ, ಅವು ಸುಳ್ಳಲ್ಲ. ಆದರೆ ಆ ಸುಲಿಗೆ ಪಟ್ಟಿಯಲ್ಲಿಲ್ಲದವರ ಕೃತ್ಯ. ಪಟ್ಟಿ ಚೊಕ್ಕವಾಗಿದ್ದಲ್ಲಿ ಅದಕ್ಕೆ ಎಡೆ ಕಡಮೆ.

1996ರಲ್ಲಿ ಕಟ್ಟಡ ಕಾರ್ಮಿಕರಿಗಾಗಿ ಬಂದ ಕೇಂದ್ರದ ಕಾನೂನು ಇದೇ ವಂಶದ್ದು. ಕಟ್ಟಡದ ವೆಚ್ಚದ ಮೇಲೆ ಶೇಕಡಾ ಒಂದರಂತೆ ವಸೂಲಾದ ಕರ ಕಲ್ಯಾಣ ಮಂಡಳಿಗೆ ಹೋಗುತ್ತ ಬಂದಿತು. 2025ರಲ್ಲಿ ಕರ್ನಾಟಕವು, ಮೊಬೈಲ್ ಆ್ಯಪುಗಳ ಮೂಲಕ ಊಟ ಸಾಮಾನುಗಳನ್ನು ಮನೆಮನೆಗೆ ತಲಪಿಸುವವರಿಗೆ ಕಾನೂನು ಮಾಡಿ, ಪ್ರತಿ ವ್ಯವಹಾರದ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ವಿಧಿಸುವ ಅಧಿಕಾರವನ್ನು ಪಡೆಯಿತು. ಹಡಗಿಗಾಗಿ ಕಾದವನಿಗೂ ಮೊಬೈಲಿನ ಕರೆಗಾಗಿ ಮಗರಪಟ್ಟಾದ ಬಾಗಿಲಲ್ಲಿ ಬೈಕಿನ ಮೇಲೆ ಕಾಯುವವನಿಗೂ ಹೊತ್ತಿನ ಲೆಕ್ಕ ಒಂದೇ. ಆದರೆ ಬೆಂಗಳೂರಿನ ಕಾನೂನು ಹಡಪಸರದಲ್ಲಿ ನಡೆಯದು.

ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಪುಣೆಯ ಕಟ್ಟಡಗಳಿಗೆ ಬರುವ ನಮ್ಮವರ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಕಟ್ಟಡ ಕಾರ್ಮಿಕರ ಕಾನೂನಿನ ಪ್ರಕಾರ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವನೇ ನೋಂದಣಿಗೆ ಅರ್ಹನು, ಮಂಡಳಿಗಳು ರಾಜ್ಯವಾರು. ಮಳೆ ಬಿದ್ದೊಡನೆ ಬಿತ್ತನೆಗೆ ಊರಿಗೆ ಹೋಗಿ, ಸುಗ್ಗಿ ಮುಗಿಸಿ ಮರಳುವಷ್ಟರಲ್ಲಿ ಹಳೆಯ ಗುತ್ತಿಗೆದಾರ ಬೇರೆ ಕಡೆಗೆ ಹೋಗಿರುವನು. ತೊಂಬತ್ತು ದಿನಕ್ಕೆ ಸಾಕ್ಷ್ಯ ಬರೆದುಕೊಡುವವರಾರು? 2021ರಲ್ಲಿ ಆರಂಭವಾದ ಇ-ಶ್ರಮ ಪಟ್ಟಿ ಹನ್ನೆರಡು ಅಂಕಿಗಳ ಸಂಖ್ಯೆಯೊಂದನ್ನು ಕೊಡುತ್ತದೆ, ಗಡಿ ದಾಟಿದರೂ ಅದು ಬದಲಾಗದು. ಆ ಸಂಖ್ಯೆಯ ಹಿಂದೆ ಮಾಲಿಕನ ವಂತಿಗೆಯಿಲ್ಲ, ಸರದಿ ಪುಸ್ತಕವಿಲ್ಲ. ಸಾಕ್ಷ್ಯದ ಕಾಗದವನ್ನು ಬರೆಸಿ, ಮರಾಠಿಯ ಅರ್ಜಿಯನ್ನು ತುಂಬಿಕೊಡಲು ಪುಣೆಯ ಕನ್ನಡ ಸಂಘಗಳ ಒಂದು ಮೇಜು, ಭಾನುವಾರದ ಎರಡು ಗಂಟೆ, ಎರಡೂ ಭಾಷೆ ಬಲ್ಲ ಒಬ್ಬ ಗುಮಾಸ್ತ ಸಾಕು.