ಪೋರ್ಟ್ ಲೂಯಿಯ ಜೋಡಿ ಪೂರಿ

ಮಾರಿಷಸ್ ದ್ವೀಪದ ರಾಜಧಾನಿಯಾದ ಪೋರ್ಟ್ ಲೂಯಿಯನ್ನು ಒಂದು ಹಗಲಿನಲ್ಲಿ ನೋಡಿ ಮುಗಿಸಬಹುದೆಂದು ಪ್ರವಾಸಿಗಳಿಗೆ ಹಂಚುವ ಹೊತ್ತಗೆಗಳು ಹೇಳುತ್ತವೆ, ಅದು ಸುಳ್ಳಲ್ಲ. ಬಿಸಿಲೇರುವ ಮುನ್ನ ಸಿಟಡೆಲ್ ಕೋಟೆಯ ದಿಬ್ಬವನ್ನು ಹತ್ತಿದವನಿಗೆ ಬೆನ್ನ ಹಿಂದೆ ಪರ್ವತಶ್ರೇಣಿ, ಎದುರಿಗೆ ಬಂದರು, ಕೆಳಗೆ 1812ರಲ್ಲಿ ಕುದುರೆಯ ಪಂದ್ಯಗಳು ಮೊದಲಾದ ಷಾಂ ದ ಮಾರ್ಸ್ ಬಯಲು, ಈ ಮೂರೂ ಒಂದೇ ದೃಷ್ಟಿಗೆ ಗೋಚರಿಸುವುವು. ಕಡಲಂಚಿನ ಬ್ಲೂ ಪೆನ್ನಿ ಸಂಗ್ರಹಾಲಯದಲ್ಲಿ 1847ರ ಜಗದ್ವಿಖ್ಯಾತ ಅಂಚೆಚೀಟಿಗಳಿವೆ. ಬಣ್ಣ ಮಾಸೀತೆಂಬ ಭಯದಿಂದ ಅವುಗಳ ಮೇಲೆ ಆಗಾಗ ಕೆಲವೇ ನಿಮಿಷ ದೀಪ ಬೆಳಗಿಸುತ್ತಾರೆ. ಇವೆಲ್ಲವನ್ನೂ ಯಥಾವಕಾಶ ನೋಡಿದೆನಾದರೂ, ನನ್ನನ್ನು ಅಲ್ಲಿಗೆ ಸೆಳೆದದ್ದು ಮಾರುಕಟ್ಟೆಯ ಬದಿಯ ಬೀದಿಯಲ್ಲಿ ಕಾವಲಿಯ ಮುಂದೆ ನಿಂತು ಬೇಳೆಯ ಹೂರಣದ ಧೋಲ್ ಪೂರಿ ಬೇಯಿಸುವವರ ಕೈಚಳಕ.

ಧೋಲ್ ಪೂರಿಯನ್ನು ಅಲ್ಲಿ ಯಾರೂ ಒಂಟಿಯಾಗಿ ಕೊಳ್ಳುವುದಿಲ್ಲ. ‘ಎನ್ ಪೇರ್’, ಅಂದರೆ ಒಂದು ಜೋಡಿ, ಎಂದೊಡನೆ, ಒಂದರ ಮೇಲೊಂದು ಹಾಸಿದ ಎರಡು ತೆಳು ಪೂರಿಗಳ ನಡುವೆ ದಪ್ಪ ಅವರೆಯಂಥ ಕಾಳಿನ ಗೊಜ್ಜು, ರುಗಾಯ್ ಎಂಬ ಟೊಮೆಟೊ ವ್ಯಂಜನ, ಸಾಸಿವೆ ಅರಿಸಿನ ಬೆರೆತ ತರಕಾರಿಯ ಉಪ್ಪಿನಕಾಯಿ, ಹಸಿಮೆಣಸಿನ ಚಟ್ನಿ ಇವಿಷ್ಟನ್ನೂ ಕ್ಷಣಾರ್ಧದಲ್ಲಿ ಸವರಿ, ಸುರುಳಿ ಸುತ್ತಿ, ಕಾಗದದಲ್ಲಿಟ್ಟು ಕೊಡುತ್ತಾರೆ. ವಕೀಲನೂ ಹಮಾಲಿಯೂ ಒಂದೇ ಸಾಲಿನಲ್ಲಿ ನಿಂತು, ಉಡುಪಿನ ಮೇಲೆ ರಸ ತೊಟ್ಟಿಕ್ಕದಂತೆ ಮುಂದಕ್ಕೆ ಬಾಗಿ ತಿನ್ನುವ ಆ ಭಂಗಿಯಲ್ಲಿ ಇಡೀ ಊರಿಗೆ ಒಂದು ಸಮಾನತೆ ಪ್ರಾಪ್ತವಾಗುತ್ತದೆ.

ನನಗೆ ಇದರ ಮರ್ಮವನ್ನು ತಿಳಿಸಿದವರು ಎಪ್ಪತ್ತು ದಾಟಿದ ಹಿರಿಯರೊಬ್ಬರು. ಅವರ ಭೋಜಪುರಿಗೂ ನನ್ನ ಹರುಕು ಹಿಂದಿಗೂ ಹೇಗೋ ಸಂಧಾನವಾಯಿತು. ಹಳದಿ ಬಟಾಣಿಯ ಬೇಳೆಯನ್ನು ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು, ಮೆತ್ತಗೆ ಅಂಟಬಾರದು, ಆ ಹದಕ್ಕೆ ಇಳಿಸುವುದರಲ್ಲೇ ಅರ್ಧ ವಿದ್ಯೆಯಿದೆಯೆಂದರು. ನೀರು ಬಸಿದು, ಆರಿಸಿ, ಹುರಿದ ಜೀರಿಗೆ ಅರಿಸಿನಗಳೊಡನೆ ನುಣ್ಣಗೆ ಬೀಸಿದ ಈ ಹೂರಣಕ್ಕೆ ಬೆಲ್ಲದ ಸೋಂಕಿಲ್ಲ. ನಮ್ಮ ಮನೆಗಳಲ್ಲಿ ಹೋಳಿಗೆಯ ದಿನ ಬೇಳೆಯ ಕಟ್ಟು ಸಾರಿಗೆ ಸಲ್ಲುವುದಷ್ಟೆ; ಅವರು ಅದೇ ಕಟ್ಟಿನಿಂದ ಮೈದಾ ಹಿಟ್ಟಿನ ಕಣಕವನ್ನು ಕಲಸುತ್ತಾರೆ. ಕಾಗದದಷ್ಟು ತೆಳುವಾಗಿ ಲಟ್ಟಿಸಿದರೂ ಹೂರಣ ಹೊರಗಿಣುಕದ ಬಗೆಯನ್ನು ಕೇಳಿದಾಗ ಆ ಹಿರಿಯರು ಉತ್ತರಿಸದೆ ಲಟ್ಟಣಿಗೆಯನ್ನೇ ನನ್ನ ಕೈಗಿತ್ತರು. ಅಂಚಿನಿಂದ ನಡುವಿಗಲ್ಲ, ನಡುವಿನಿಂದ ಅಂಚಿಗೆ, ಒತ್ತದೆ ತೇಲಿಸಬೇಕೆಂದು ಕೈಹಿಡಿದು ತೋರಿಸಿದರು. ಬೇಯಿಸುವ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಎಣ್ಣೆ ಸವರಿದ ಕಾವಲಿಯ ಮೇಲೆ ಅದು ಕಣ್ಣೆವೆಯಿಕ್ಕುವಷ್ಟರಲ್ಲಿ ಆಗಿಹೋಗುತ್ತದೆ.

ಇತಿಹಾಸವನ್ನೂ ಅವರೇ ನಾಲ್ಕು ಮಾತಿನಲ್ಲಿ ಮುಗಿಸಿದರು. 1834ರ ನವೆಂಬರ್ 2ರಂದು ಕಲ್ಕತ್ತೆಯಿಂದ ‘ಅಟ್ಲಾಸ್’ ಹಡಗಿನಲ್ಲಿ 36 ಮಂದಿ ಕೂಲಿಗಳು ಬಂದಿಳಿದರು. ಗುಲಾಮಗಿರಿ ಅಳಿಯುತ್ತಿದ್ದ ಕಾಲದಲ್ಲಿ ಕಬ್ಬಿನ ತೋಟಗಳಿಗೆ ಕರಾರಿನ ಆಳುಗಳು ಬೇಕಾಗಿದ್ದರು. ಮುಂದೆ 1920ರವರೆಗೆ ಸುಮಾರು ಐದು ಲಕ್ಷ ಭಾರತೀಯರು ಇದೇ ಬಂದರಿನಲ್ಲಿ ಕಾಲಿಟ್ಟರು. ಬಿಹಾರದ ಅಡುಗೆಮನೆಯ ದಾಲ್ ಪೂರಿ ಅವರೊಡನೆ ಬಂದು, ಕಡಲೆಬೇಳೆಯ ಸ್ಥಾನದಲ್ಲಿ ಬಟಾಣಿಬೇಳೆಯನ್ನು ಒಪ್ಪಿಕೊಂಡು ದ್ವೀಪವಾಸಿಯಾಯಿತು. ಆ ವಲಸಿಗರು ಹತ್ತಿದ ಕಲ್ಲಿನ ಮೆಟ್ಟಿಲುಗಳು ಮಾರುಕಟ್ಟೆಯಿಂದ ನಡೆದುಹೋಗುವಷ್ಟೇ ದೂರದ ‘ಆಪ್ರವಾಸಿ ಘಾಟ್’ನಲ್ಲಿವೆ, 2006ರಲ್ಲಿ ಯುನೆಸ್ಕೊ ಆ ತಾಣವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಮಧ್ಯಾಹ್ನದ ಸೆಕೆಗೆ ಮಾರುಕಟ್ಟೆಯೊಳಗೆ ಕಾಮಕಸ್ತೂರಿಯ ಬೀಜ ತೇಲುವ ತಣ್ಣನೆಯ ಹಾಲು ‘ಅಲೂದಾ’ವನ್ನು ಕುಡಿದು ಮರಳಿದಾಗ ಹಿರಿಯರು ಕಾವಲಿ ತೊಳೆಯುತ್ತಿದ್ದರು. ಗೋಧಿ, ಬಟಾಣಿ ಎರಡೂ ಹಡಗಿನಲ್ಲೇ ಬರಬೇಕಾದ ನಾಡಿನಲ್ಲಿ ಹೊರಗಿನ ಬೆಲೆಯೇರಿದರೆ ಬೀದಿಯವನಿಗೆ ಮೊದಲ ಪೆಟ್ಟು. ಅದನ್ನು ಅವರು ದೂರಾಗಿ ಹೇಳಲಿಲ್ಲ. ಮಕ್ಕಳಿಬ್ಬರೂ ಹೋಟೆಲುಗಳಲ್ಲಿ ಉದ್ಯೋಗಸ್ಥರು, ನಸುಕಿನಲ್ಲೆದ್ದು ಬೇಳೆ ಬೀಸುವವರು ಮನೆಯಲ್ಲಿ ತಾವೊಬ್ಬರೇ ಎಂದಷ್ಟೇ ಅಂದರು.

ಮದುವೆಯ ಮನೆಯ ಭೋಜಪುರಿ ಹಾಡು ಕುಣಿತಗಳಾದ ಗೀತ್ ಗವಾಯಿಗೆ 2016ರಲ್ಲಿ ಯುನೆಸ್ಕೊ ಮನ್ನಣೆ ದೊರೆತಿದೆ. ಹಾಡಿದ ಬಾಯಿಗೆ ಉಣಿಸಿದ ಕೈಗಳಿಗೂ ಅಂಥದೊಂದು ಆದರ ಸಲ್ಲಬೇಡವೆ? ಅಂಚೆಚೀಟಿಯನ್ನು ಬೆಳಕಿನಿಂದ ಮರೆಸಿಟ್ಟು ಉಳಿಸಬಹುದು. ಈ ವಿದ್ಯೆಯಾದರೋ ನಿತ್ಯವೂ ಬೆಂಕಿಯ ಮುಂದೆ, ಹಸಿದವರ ನಡುವೆ ನಿಂತಾಗಲೇ ಉಳಿಯತಕ್ಕದ್ದು. ಆ ಲಟ್ಟಣಿಗೆಯನ್ನು, ಅರೆಗಳಿಗೆ ಹಿಡಿದು ಹೊರಟುಹೋಗುವ ಪ್ರವಾಸಿಯ ಬದಲಾಗಿ, ಆ ಬೀದಿಯ ಹುಡುಗನೊಬ್ಬನು ಕೇಳಿ ಪಡೆಯುವಂತಾಗಲಿ.