ಬಲಗುಂಡಿಯ ಹಠ ಬಿಟ್ಟ ಬ್ಲೆಂಡರ್

ಪರದೆಯ ನಡುವೆ ಬೂದುಬಣ್ಣದ ಒಂದು ಘನ, ಪಕ್ಕದಲ್ಲೊಂದು ಕ್ಯಾಮೆರಾ, ಒಂದು ದೀಪ. ಸುತ್ತಲೂ ಸಾಲುಸಾಲು ಗುಂಡಿಗಳು. 2019ಕ್ಕೆ ಮುಂಚೆ ಬ್ಲೆಂಡರ್ ತಂತ್ರಾಂಶವನ್ನು ಮೊದಲ ಸಲ ತೆರೆದ ವಿದ್ಯಾರ್ಥಿಗೆ ಕಾಣುತ್ತಿದ್ದುದು ಇಷ್ಟು. ಅವನು ಅಭ್ಯಾಸಬಲದಿಂದ ಮೌಸಿನ ಎಡಗುಂಡಿ ಒತ್ತಿ ಕ್ಯಾಮೆರಾವನ್ನು ಆರಿಸಲು ಹೋಗುತ್ತಿದ್ದ. ಕ್ಯಾಮೆರಾ ಜಪ್ಪಯ್ಯ ಎನ್ನುತ್ತಿರಲಿಲ್ಲ! ಬದಲಿಗೆ ಕೆಂಪು-ಬಿಳಿ ಪಟ್ಟೆಯ ಉಂಗುರದಂಥ ಗುರುತೊಂದು ಒತ್ತಿದ ಜಾಗಕ್ಕೆ ಬಂದು ಕೂರುತ್ತಿತ್ತು. ಏಕೆಂದರೆ ಇಲ್ಲಿ ವಸ್ತುವನ್ನು ಆರಿಸಲು ಒತ್ತಬೇಕಾಗಿದ್ದುದು ಬಲಗುಂಡಿಯನ್ನು. 'ಇದು ನನ್ನ ತಲೆಗೆ ಹತ್ತುವಂಥದ್ದಲ್ಲ' ಎಂದು ಮೊದಲ ದಿನವೇ ಕೈಬಿಟ್ಟವರು ಕಡಿಮೆಯೇನಲ್ಲ. ಆದರೆ ದೋಷ ನಿಜಕ್ಕೂ ತಲೆಯದಾಗಿತ್ತೆ?

ಮೂರು ಆಯಾಮದ ಚಿತ್ರಗಳನ್ನೂ ಆನಿಮೇಷನ್ ಚಲನಚಿತ್ರಗಳನ್ನೂ ತಯಾರಿಸಲು ಬಳಸುವ ಬ್ಲೆಂಡರ್ ಹುಟ್ಟಿದ್ದು ನೆದರ್ಲೆಂಡ್ಸ್‌ನಲ್ಲಿ. ಟಾನ್ ರೂಸೆಂಡಾಲ್ ಎಂಬಾತ 1994ರಲ್ಲಿ ಇದನ್ನು ತಮ್ಮ ನಿಯೋಜಿಯೊ ಸ್ಟುಡಿಯೋದ ಆಂತರಿಕ ಬಳಕೆಗಾಗಿ ರಚಿಸಿದರು. ಮುಂದೆ ಇದನ್ನು ವಿತರಿಸಲು ಹುಟ್ಟಿದ ಕಂಪೆನಿ 2002ರಲ್ಲಿ ಮುಚ್ಚಿತು. ಆಗ ಸಾರ್ವಜನಿಕರಿಂದ ಏಳೇ ವಾರಗಳಲ್ಲಿ 1 ಲಕ್ಷ ಯೂರೋ ವಂತಿಗೆ ಕೂಡಿಸಿ, ತಂತ್ರಾಂಶದ ಹಕ್ಕನ್ನು ಬಿಡಿಸಿಕೊಂಡು, ಅದೇ ವರ್ಷ ಅಕ್ಟೋಬರಿನಲ್ಲಿ ಎಲ್ಲರಿಗೂ ಮುಕ್ತವಾಗಿ ನೀಡಲಾಯಿತು. ಇಂದಿಗೂ ಇದಕ್ಕೆ ಕಾಸು ಕೊಡಬೇಕಾಗಿಲ್ಲ.

ಬಿಕ್ಕಟ್ಟಿನ ಬೇರು ಇರುವುದು ಆ 'ಆಂತರಿಕ' ಎಂಬ ಮಾತಿನಲ್ಲಿ. ದಿನವಿಡೀ ಅದರಲ್ಲೇ ಮುಳುಗಿರುವ ಕಲಾವಿದನಿಗೆ ಬೇಕಾಗಿದ್ದುದು ವೇಗ. ಒಂದು ಕೈ ಮೌಸಿನ ಮೇಲೆ, ಇನ್ನೊಂದು ಕೀಲಿಮಣೆಯ ಮೇಲೆ. 'ಜಿ' ಒತ್ತಿದರೆ ವಸ್ತು ಸರಿಯುತ್ತದೆ, 'ಆರ್' ಒತ್ತಿದರೆ ತಿರುಗುತ್ತದೆ, 'ಎಸ್' ಒತ್ತಿದರೆ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಬಲ್ಲವನಿಗೆ ಇದು ಬೆಲ್ಲ. ಹೊಸಬನಿಗೋ, ಬಾಯಿಪಾಠ ಮಾಡದೆ ಒಂದು ಹೆಜ್ಜೆಯೂ ಮುಂದೆ ಹೋಗದ ಪರೀಕ್ಷೆ.

ಕಂಡದ್ದನ್ನು ಗುರುತಿಸುವುದು ಸುಲಭ, ಕಾಣದ್ದನ್ನು ನೆನಪಿಸಿಕೊಳ್ಳುವುದು ಕಷ್ಟ. 'ಹೊಂದಿಸಿ ಬರೆಯಿರಿ' ಪ್ರಶ್ನೆ ಕಂಡಾಗ ಮಕ್ಕಳ ಮುಖ ಅರಳುವುದು ಇದಕ್ಕೇ. ಅಮೆರಿಕದ ಡೊನಾಲ್ಡ್ ನಾರ್ಮನ್ ದಿನಬಳಕೆಯ ವಸ್ತುಗಳ ವಿನ್ಯಾಸ ಕುರಿತು 1988ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಲೆಯ ಉದಾಹರಣೆ ಕೊಡುತ್ತಾರೆ. ಬರ್ನರುಗಳು ಎರಡು ಸಾಲಿನಲ್ಲಿ, ಅವುಗಳ ತಿರುಗುಗುಂಡಿಗಳು ಮಾತ್ರ ಒಂದೇ ಸಾಲಿನಲ್ಲಿ ಇದ್ದರೆ, ಯಾವುದು ಯಾವುದರದೆಂದು ಎಷ್ಟು ವರ್ಷ ಅಡುಗೆ ಮಾಡಿದವರೂ ತಡವರಿಸುತ್ತಾರೆ. ಅದು ಅಡುಗೆಯವರ ದಡ್ಡತನವಲ್ಲ, ಒಲೆ ಮಾಡಿದವನ ಅಲಕ್ಷ್ಯ.

ಬ್ಲೆಂಡರಿನ ಒಲೆಯನ್ನು ಸರಿಪಡಿಸುವ ಮೊದಲ ದೊಡ್ಡ ಯತ್ನ ನಡೆದದ್ದು 2.5 ಆವೃತ್ತಿಗಳಲ್ಲಿ, ಅದು ಪರಿಪಕ್ವವಾಗಿ ಹೊರಬಂದದ್ದು 2011ರಲ್ಲಿ. ಆದರೂ ಬಲಗುಂಡಿಯ ಹಠ ಉಳಿದೇ ಇತ್ತು. ನಿಜವಾದ ತಿರುವು 2019ರ ಜುಲೈ 30ರಂದು ಬಿಡುಗಡೆಯಾದ 2.80 ಆವೃತ್ತಿ. ಆರಿಸುವ ಕೆಲಸ ಎಡಗುಂಡಿಗೆ ಬಂತು. ಪರದೆಯ ಎಡ ಅಂಚಿನಲ್ಲಿ ಉಪಕರಣಗಳ ಚಿತ್ರಗಳು ಸಾಲಾಗಿ ನಿಂತವು. ವಸ್ತುವನ್ನು ಸರಿಸಲು ಅದರ ಮೇಲಿನ ಬಣ್ಣದ ಬಾಣಗಳನ್ನು ಹಿಡಿದೆಳೆದರೂ ಸಾಕು. ಎಕ್ಸ್ ಅಕ್ಷ ಕೆಂಪು, ವೈ ಹಸಿರು, ಝಡ್ ನೀಲಿ. ಗಣಿತದ ತರಗತಿಯಲ್ಲಿ ಹಾಳೆಯ ಮೇಲೆ ಊಹಿಸಿಕೊಳ್ಳಲು ಒದ್ದಾಡುವ ಮೂರನೆಯ ಅಕ್ಷ ಇಲ್ಲಿ ಕಣ್ಣಿಗೇ ಕಾಣುತ್ತದೆ! ಮೇಲ್ಗಡೆ ಮಾದರಿ ರಚನೆ, ಶಿಲ್ಪ, ಆನಿಮೇಷನ್ ಎಂದು ಕೆಲಸಕ್ಕೊಂದು ಪುಟ. ಬೇಕಾದ ಪುಟ ತೆರೆದರೆ ಆ ಕೆಲಸದ ಸಲಕರಣೆಗಳೇ ಮುಂದೆ ಬರುತ್ತವೆ. ಗುಂಡಿಗಳ ಸಂಖ್ಯೆ ಇಳಿಯಿತೆಂದಲ್ಲ, ಬೇಡವಾದವು ಹಿಂದೆ ಸರಿದು ನಿಂತವು.

ಹಳಬರ ಪಾಡೇನು? ವರ್ಷಗಟ್ಟಲೆ ಪಳಗಿದ ಬೆರಳುಗಳನ್ನು ಒಂದು ದಿನದಲ್ಲಿ ಬದಲಿಸಿ ಎನ್ನುವುದೂ ಅನ್ಯಾಯವೇ. ಆದ್ದರಿಂದ ಮೊದಲ ಸಲ ತೆರೆದಾಗಲೇ 'ಎಡವೋ ಬಲವೋ?' ಎಂದು ತಂತ್ರಾಂಶ ಕೇಳುವಂತೆ ಮಾಡಿದರು. ಜಿ, ಆರ್, ಎಸ್ ಕೀಲಿಗಳೂ ಹಾಗೇ ಉಳಿದವು. ಹೊಸಬನು ಬಾಣ ಹಿಡಿದು ಎಳೆಯುತ್ತ ಆರಂಭಿಸಿ, ನಿಧಾನವಾಗಿ ಕೀಲಿಗಳಿಗೆ ದಾಟಬಹುದು. ಇಡೀ ಬದಲಾವಣೆಯಲ್ಲಿ ಅತ್ಯಂತ ಜಾಣತನದ ಭಾಗ ಇದೇ ಎನ್ನಬೇಕು.

ಹಾಗೆಂದು ಬ್ಲೆಂಡರ್ ಸರಳವಾಯಿತೆಂದು ಯಾರೂ ತಿಳಿಯಬಾರದು. ಬಾಗಿಲು ಅಗಲವಾಗಿದೆ, ಒಳಗಿನ ವಿದ್ಯೆ ಅಷ್ಟೇ ಆಳವಾಗಿದೆ. ಬೆಳಕು, ನೆರಳು, ಚಲನೆ ಇವನ್ನು ಅರಿಯಲು ತಿಂಗಳುಗಳೇ ಬೇಕು. 2025ರಲ್ಲಿ ಅತ್ಯುತ್ತಮ ಆನಿಮೇಷನ್ ಚಿತ್ರಕ್ಕಾಗಿ ಆಸ್ಕರ್ ಗೆದ್ದ ಲಾಟ್ವಿಯಾದ 'ಫ್ಲೋ' ಇದೇ ಉಚಿತ ತಂತ್ರಾಂಶದಲ್ಲಿ ತಯಾರಾದದ್ದು. ಆದರೆ ಅದರ ನಿರ್ದೇಶಕ ಗಿಂಟ್ಸ್ ಝಿಲ್ಬಲೋಡಿಸ್ ವರ್ಷಗಟ್ಟಲೆ ಅದಕ್ಕಾಗಿ ದುಡಿದಿದ್ದರು.

ಪಾಲಕರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಕಲಿಯಲು ಸುಲಭವಾದ ಈ ಹೊಸ ಆವೃತ್ತಿಗಳು ಹಳೆಯ ಕಂಪ್ಯೂಟರುಗಳಲ್ಲಿ ಓಡುವುದಿಲ್ಲ. ಗ್ರಾಫಿಕ್ಸ್ ಭಾಗ ಸಾಕಷ್ಟು ಹೊಸದಾಗಿರಬೇಕು. ಹಳೆಯ ಯಂತ್ರಗಳೇ ಗತಿಯಾಗಿರುವ ಶಾಲೆಗಳ ಮಕ್ಕಳಿಗೆ ದಕ್ಕುವುದು ಕಲಿಯಲು ಕಷ್ಟವಾದ ಹಳೆಯ ಆವೃತ್ತಿಯೇ. ವಿಚಿತ್ರವಾದರೂ ನಿಜ. ಯಂತ್ರ ಸಾಕಷ್ಟು ಹೊಸದಾಗಿದ್ದರೆ, ಮನೆಯಲ್ಲಿ ಬೇಕಾಗುವುದು ನಡುವೆ ಚಕ್ರವಿರುವ ಒಂದು ಸಾಧಾರಣ ಮೌಸ್. ಆ ಚಕ್ರವನ್ನು ಒತ್ತಿ ಹಿಡಿದು ಎಳೆದರೆ ಘನದ ಬೆನ್ನೂ ಕಾಣುತ್ತದೆ.