ಹಿಮ್ಮೇಳ ವೇದಿಕೆ ಹತ್ತಿದ ಮೇಲೆ

ನವರಾತ್ರಿ ಹತ್ತಿರವಾದಂತೆ ಅಹಮದಾಬಾದ್, ವಡೋದರಾ, ಸೂರತ್‌ಗಳ ರಸ್ತೆಬದಿಯ ದೊಡ್ಡ ಫಲಕಗಳೆಲ್ಲ ಗರ್ಬಾ ಗಾಯಕರ ಪಾಲಾಗುತ್ತವೆ. ಅವುಗಳಲ್ಲಿ ಒಂದು ಶ್ರೇಣಿಯಿದೆ. ಮುಖ್ಯ ಗಾಯಕನ ಅಥವಾ ಗಾಯಕಿಯ ಮುಖ ಆಳೆತ್ತರ, ಮೈದಾನದ ಹೆಸರು ಅದಕ್ಕಿಂತ ಸಣ್ಣದು, ಪ್ರಾಯೋಜಕರ ಗುರುತುಗಳಿಗೆ ಕೆಳಗಿನ ಅಂಚು. ಹಿಂದೆ ನಿಂತು ಪ್ರತಿ ಸಾಲನ್ನೂ ಎತ್ತಿಕೊಂಡು ಮರಳಿ ಹಾಡುವ ನಾಲ್ಕೈದು ಕೊರಳುಗಳ ಹೆಸರನ್ನು ಹುಡುಕಿದರೆ ಸಿಗುವುದು ಅಪರೂಪ. ಗರ್ಬಾ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕನ್ನಡಿ ಹೊಲಿದ ಚನಿಯಾ ಚೋಲಿ ಮತ್ತು ಸುತ್ತುವ ಕುಣಿತ. ಆದರೆ ಅದು ಮೂಲದಲ್ಲಿ ಹಾಡು, ಅದೂ ಗುಂಪು ಹಾಡು. ಆ ಗುಂಪು ಕಳೆದ ಐವತ್ತು ವರ್ಷಗಳಲ್ಲಿ ಯಾರಿಂದ ಯಾರಿಗೆ ಕೈಬದಲಾಯಿತು ಎಂಬುದೇ ಈ ಕಲೆಯ ನಿಜವಾದ ಚರಿತ್ರೆ. ಗರ್ಬಾ ಕೆಟ್ಟಿತು ಎನ್ನುವವರು ಸಾಮಾನ್ಯವಾಗಿ ಸಿನಿಮಾ ಧಾಟಿ, ಡಿಸ್ಕೊ ತಾಳ, ದುಬಾರಿ ಪಾಸುಗಳನ್ನು ದೂರುತ್ತಾರೆ. ಅವೆಲ್ಲ ಮೇಲುಮೇಲಿನ ಬದಲಾವಣೆಗಳು. ಒಳಗೆ ಆದದ್ದು ಒಂದೇ: ಕುಣಿಯುವವರ ಬಾಯಲ್ಲಿದ್ದ ಹಿಮ್ಮೇಳ ವೇದಿಕೆ ಹತ್ತಿತು.

ಹಳೆಯ ಕ್ರಮ ಸರಳವಾದದ್ದು. ಸುತ್ತಲೂ ತೂತುಗಳಿರುವ ಮಣ್ಣಿನ ಗಡಿಗೆ, ಅದರೊಳಗೆ ದೀಪ, ಅದರ ಸುತ್ತ ಹೆಂಗಸರ ವೃತ್ತ. ಒಬ್ಬಾಕೆ ಸಾಲು ಎತ್ತುತ್ತಾಳೆ, ಉಳಿದವರು ಚಪ್ಪಾಳೆಯೊಂದಿಗೆ ಅದನ್ನು ಹಿಡಿದು ಹಿಂತಿರುಗಿಸುತ್ತಾರೆ. ಗುಜರಾತಿಗಳು ಈ ಹಿಡಿಯುವ ಕೆಲಸವನ್ನು ‘ಝೀಲವುಂ’ ಎನ್ನುತ್ತಾರೆ. ನಮ್ಮ ಗೀಗೀ ಪದದಲ್ಲಿ ಮುಂದಾಳು ಹಾಡಿದ್ದಕ್ಕೆ ಮೇಳದವರು ದನಿಗೂಡಿಸುವ ಹಾಗೆಯೇ ಇದು. ಒಂದು ವ್ಯತ್ಯಾಸವೆಂದರೆ ಗೀಗೀ ಮೇಳಕ್ಕೆ ಎದುರಲ್ಲಿ ಕೇಳುಗರಿರುತ್ತಾರೆ, ಗರ್ಬಾದ ವೃತ್ತಕ್ಕೆ ಅವರ ಅಗತ್ಯವಿರಲಿಲ್ಲ. ಈ ಕೇರಿಯ ಗರ್ಬಾಕ್ಕೆ ‘ಶೇರಿ ಗರ್ಬಾ’ ಎಂದು ಹೆಸರು. ಅಹಮದಾಬಾದಿನ ಹಳೆಯ ಕೋಟೆಯೊಳಗಿನ ಪೋಳ್‌ಗಳಲ್ಲಿ, ಅಂದರೆ ಒಂದೇ ಬಾಗಿಲಿನಿಂದ ಒಳಹೊಗುವ ಮನೆಸಾಲುಗಳಲ್ಲಿ, ಇದು ನೆರೆಹೊರೆಯ ಸಂಸ್ಥೆಯಾಗಿತ್ತು. ಇಂಥ ಹಾಡುಗುಂಪಿನಲ್ಲಿ ಯಾರಿದ್ದಾರೆ ಎಂಬ ಪಟ್ಟಿಯನ್ನು ಯಾರೂ ಬರೆದಿಡಲಿಲ್ಲ. ಮದುವೆಯಾಗಿ ಬಂದವಳು ಸೇರುತ್ತಿದ್ದಳು, ಮದುವೆಯಾಗಿ ಹೋದವಳು ಇನ್ನೊಂದು ಕೇರಿಯ ಗುಂಪಿಗೆ ತನ್ನ ಹಾಡುಗಳನ್ನು ಒಯ್ಯುತ್ತಿದ್ದಳು. ಸದಸ್ಯರು ಸದಾ ಬದಲಾದರೂ ತಂಡ ಮುರಿಯದೆ ಇದ್ದದ್ದು ಹೀಗೆ.

ಇದು ಬರಿಯ ಊಹೆಯಲ್ಲ, ಸಾಹಿತ್ಯ ಚರಿತ್ರೆಯಲ್ಲಿ ಇದರ ಗುರುತುಗಳಿವೆ. ಬಹುಚರಾ ಮಾತೆಯ ಭಕ್ತ ವಲ್ಲಭ ಮೇವಾಡೋ ಗರ್ಬಾಗಳನ್ನು ರಚಿಸಿದ. ಇಂದಿನ ವಡೋದರಾ ಜಿಲ್ಲೆಯ ಚಾಣೋದ್‌ನಲ್ಲಿ 1777ರಲ್ಲಿ ಹುಟ್ಟಿ ಡಭೋಯಿಯಲ್ಲಿ ನೆಲೆಸಿದ ದಯಾರಾಮ ಕೃಷ್ಣನ ಮೇಲೆ ಗರಬಿ ಎಂಬ, ಗರ್ಬಾದಂತೆಯೇ ಹಾಡುವ ನೂರಾರು ಗೀತೆಗಳನ್ನು ಬರೆದ. ಬರೆದವರು ಗಂಡಸರು, ಆದರೆ ಹಾಡುಗಳು ಉಳಿದದ್ದು ಹೆಂಗಸರ ಕೊರಳಲ್ಲಿ. ಆಧುನಿಕ ಗುಜರಾತಿ ಗದ್ಯಕ್ಕೆ ದಾರಿ ಹಾಕಿದ ಸೂರತ್ತಿನ ನರ್ಮದ, ನಾಗರ ಸಮುದಾಯದ ಹೆಂಗಸರು ಹಾಡುವ ಗೀತೆಗಳನ್ನು ಸಂಗ್ರಹಿಸಿ ಪುಸ್ತಕವಾಗಿಸಿದ್ದು ಅದನ್ನು ಬಲ್ಲವನಾದ್ದರಿಂದಲೇ. ಅದೇ ನಾಗರ ಸಮುದಾಯದಲ್ಲಿ ‘ಬೇಠಾ ಗರ್ಬಾ’ ಎಂಬ ಇನ್ನೊಂದು ಪದ್ಧತಿಯಿದೆ. ಅಲ್ಲಿ ಯಾರೂ ಕುಣಿಯುವುದಿಲ್ಲ, ಹೆಂಗಸರು ಕುಳಿತು ಹಾಡುತ್ತಾರೆ, ಅಷ್ಟೇ. ಕುಣಿತವಿಲ್ಲದೆಯೂ ಗರ್ಬಾ ಗರ್ಬಾವೇ ಆಗಬಲ್ಲದು. ಹಾಡಿಗೆ ಮರುಹಾಡು ಇಲ್ಲದೆ ಆಗಬಲ್ಲದೆ ಎಂಬ ಪ್ರಶ್ನೆ ಎದ್ದದ್ದು ಇಪ್ಪತ್ತನೆಯ ಶತಮಾನದಲ್ಲಿ.

ತಿರುವು ಬಂದದ್ದು ಎಪ್ಪತ್ತರ ದಶಕದ ಆಸುಪಾಸಿನಲ್ಲಿ. ಅಹಮದಾಬಾದಿನಲ್ಲಿ ಹುಟ್ಟಿದ ಅವಿನಾಶ ವ್ಯಾಸರು ಆ ಹೊತ್ತಿಗೆ ಗುಜರಾತಿ ಸುಗಮ ಸಂಗೀತದ ದೊಡ್ಡ ಹೆಸರು. 1970ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮರುವರ್ಷ ತೆರೆಕಂಡ ‘ಜೇಸಲ್ ತೋರಲ್’ ಗುಜರಾತಿ ಚಿತ್ರರಂಗಕ್ಕೆ ಮರುಜೀವ ಕೊಟ್ಟಿತು, ಅದರ ಸಂಗೀತವೂ ಅವರದೇ. ಅವರು ಬರೆದು ರಾಗ ಹಾಕಿದ ಗರ್ಬಾಗಳನ್ನು ಮುಂಬಯಿಯ ಹಿನ್ನೆಲೆ ಗಾಯಕಿಯರು ಹಾಡಿದರು, ಧ್ವನಿಮುದ್ರಿಕೆಗಳು ರೇಡಿಯೊ ಹಿಡಿದು ಊರೂರು ಸುತ್ತಿದವು. ಕೆಲವಂತೂ ಎಷ್ಟು ಬೆರೆತುಹೋದವೆಂದರೆ ಇಂದು ಜನ ಅವನ್ನು ಜನಪದವೆಂದೇ ನಂಬಿದ್ದಾರೆ. ಕವಿಯೊಬ್ಬನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲವೇನೊ. ಆದರೆ ಮುದ್ರಿಕೆ ತನ್ನೊಂದಿಗೆ ಬೇರೊಂದು ಅಭ್ಯಾಸವನ್ನೂ ತಂದಿತು. ಅದರಲ್ಲಿ ಸಾಲು ಎತ್ತುವವಳೂ ಇದ್ದಾಳೆ, ಹಿಡಿಯುವ ಕೋರಸ್ಸೂ ಇದೆ, ವೃತ್ತದಲ್ಲಿರುವವರಿಗೆ ಹಾಡಲು ಏನೂ ಉಳಿದಿಲ್ಲ. ಕೇರಿಗೊಂದು ಪಾಠಾಂತರವಿದ್ದ ಹಾಡಿಗೆ ಎಲ್ಲರಿಗೂ ಒಂದೇ ಸಿದ್ಧರೂಪ ಬಂತು. ಅದನ್ನು ವೇದಿಕೆಯಲ್ಲಿ ಮುದ್ರಿಕೆಯಂತೆಯೇ ಹಾಡಬಲ್ಲ ತಂಡಗಳಿಗೆ ಬೇಡಿಕೆ ಹುಟ್ಟಿತು.

ಮೈಕು ಇದನ್ನು ಗಟ್ಟಿ ಮಾಡಿತು. ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ನೂರು ಮೀಟರ್ ಅಗಲದ ಮೈದಾನದ ಒಂದು ತುದಿಯ ದನಿ ಇನ್ನೊಂದು ತುದಿ ಮುಟ್ಟಲು ಸೆಕೆಂಡಿನ ಹತ್ತನೇ ಮೂರು ಪಾಲು ಬೇಕು. ನಿಮಿಷಕ್ಕೆ 120 ಪೆಟ್ಟಿನ ಲಯದಲ್ಲಿ ಒಂದು ಪೆಟ್ಟಿಗೆ ಅರ್ಧ ಸೆಕೆಂಡು. ಅಂದರೆ ಆಚೆ ದಡದವರು ಹಿಡಿದ ಸಾಲು ಈಚೆ ದಡದವರಿಗೆ ಅರ್ಧ ಪೆಟ್ಟಿಗೂ ಹೆಚ್ಚು ತಡವಾಗಿ ಕೇಳಿಸುತ್ತದೆ, ಹಾಡು ಕಲಸುಮೇಲೋಗರವಾಗುತ್ತದೆ. ಮೈದಾನ ದೊಡ್ಡದಾದಷ್ಟೂ ಹಿಮ್ಮೇಳ ಮುಖ್ಯ ಗಾಯಕನ ಪಕ್ಕಕ್ಕೇ ಬರಬೇಕು, ಅದೇ ಮೈಕಿನ ಹತ್ತಿರ. ಹೀಗೆ ನೂರಾರು ಜನರ ಕೆಲಸ ನಾಲ್ಕು ಜನರ ಉದ್ಯೋಗವಾಯಿತು.

ಎಂಬತ್ತರ ದಶಕ ಬಂದಾಗ ತಂಡದ ಆಕಾರವೇ ಬದಲಾಯಿತು. ಸಂಗೀತ ನಿರ್ದೇಶಕರಾದ ಕಲ್ಯಾಣಜಿ–ಆನಂದಜಿಯವರ ತಮ್ಮ, ಮುಂಬಯಿಯ ಬಾಬ್ಲಾ ‘ಡಿಸ್ಕೊ ದಾಂಡಿಯಾ’ದ ಮೂಲಕ ಎಲೆಕ್ಟ್ರಾನಿಕ್ ತಾಳವನ್ನು ಕೋಲಾಟಕ್ಕೆ ಕಟ್ಟಿದರು. ಢೋಲ್, ಮಂಜೀರಾ, ಬೆಂಜೊಗಳ ಪಕ್ಕದಲ್ಲಿ ಕೀಬೋರ್ಡ್ ಬಂತು, ಆಮೇಲೆ ಎಲೆಕ್ಟ್ರಾನಿಕ್ ತಾಳವಾದ್ಯವಾದ ಆಕ್ಟಪ್ಯಾಡ್ ಬಂತು. ಆದರೆ ವಾದ್ಯಗಳಿಗಿಂತ ಹೆಚ್ಚು ಪರಿಣಾಮ ಮಾಡಿದ್ದು ಕ್ಯಾಸೆಟ್ ಎಂಬುದು ನನ್ನ ಎಣಿಕೆ. ಅರ್ಧ ಗಂಟೆಯ ಒಂದು ಮಗ್ಗುಲಿಗೆ ಹಾಡಿಗೆ ಹಾಡು ಹೆಣೆದು ‘ನಾನ್‌ಸ್ಟಾಪ್’ ಗರ್ಬಾ ತುಂಬಿದರು, ಅದೇ ಮೈದಾನದ ಮಾದರಿಯೂ ಆಯಿತು. ವೃತ್ತದಲ್ಲಿ ಒಂದು ಹಾಡು ಮುಗಿದು ಇನ್ನೊಬ್ಬಾಕೆ ನೆನಪು ಮಾಡಿಕೊಂಡು ಎತ್ತುವ ನಡುವೆ ಇದ್ದ ಬಿಡುವು ಇಲ್ಲವಾಯಿತು. ಒಬ್ಬನೇ ಗಾಯಕ ಗಂಟೆಗಟ್ಟಲೆ ತಡೆಯಿಲ್ಲದೆ ಹಾಡಲಾರ. ಹಾಗಾಗಿ ಒಬ್ಬ ಗಂಡಸು, ಒಬ್ಬ ಹೆಂಗಸು, ಅವರ ಬೆನ್ನಿಗೆ ಸಹಗಾಯಕರು, ಅವರ ಹಿಂದೆ ಕೋರಸ್, ಸರದಿಯ ಮೇಲೆ ಉಸಿರು ತೆಗೆದುಕೊಳ್ಳುವ ಏರ್ಪಾಡು ಬಂತು. 2000ದಲ್ಲಿ ಬಂದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರ ಮೇಲೆ ಧ್ವನಿವರ್ಧಕವನ್ನು ನಿಷೇಧಿಸಿದವು. ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿಯವರೆಗೆ ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದೆಂಬ ತಿದ್ದುಪಡಿ ಆಮೇಲಿನದು, 2005ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೆಳಗಿನ ಜಾವದವರೆಗೆ ಹರಡಿಕೊಳ್ಳಬಹುದಾಗಿದ್ದ ಹಾಡು ಕೆಲವೇ ಗಂಟೆಗಳಿಗೆ ಇಕ್ಕಟ್ಟಾದಾಗ ನಿಲ್ಲಿಸದೆ ಹಾಡುವ ಒತ್ತಡ ಇನ್ನೂ ಹೆಚ್ಚಿತು.

ಈ ತಂಡಗಳ ಒಳಗಿನ ಹೋಗಿಬರುವಿಕೆಯನ್ನು ಅರ್ಥ ಮಾಡಿಕೊಳ್ಳಲು ಎಪ್ಪತ್ತರ ದಶಕದ ಬೋನಿ ಎಂ. ಎಂಬ ಪಾಪ್ ತಂಡವನ್ನು ನೆನೆಯಬಹುದು. ಜರ್ಮನಿಯ ನಿರ್ಮಾಪಕ ಫ್ರಾಂಕ್ ಫಾರಿಯನ್ ಕಟ್ಟಿದ ಆ ಗುಂಪಿನಲ್ಲಿ ವೇದಿಕೆಯ ಮೇಲೆ ನಾಲ್ವರು ಕಾಣುತ್ತಿದ್ದರು. ಮುದ್ರಿಕೆಯ ಹೆಣ್ಣುದನಿ ಲಿಜ್ ಮಿಚೆಲ್ ಮತ್ತು ಮಾರ್ಸಿಯಾ ಬ್ಯಾರೆಟ್ ಅವರದು, ಕುಣಿಯುತ್ತಿದ್ದ ಬಾಬಿ ಫ್ಯಾರೆಲ್‌ನ ಗಂಡುದನಿ ಸ್ವತಃ ಫಾರಿಯನ್‌ನದು. ಫ್ಯಾರೆಲ್ ಹೋಗಿ ರೆಜಿ ಸಿಬೊ ಬಂದ. 1986ರಲ್ಲಿ ತಂಡ ಒಡೆದ ಮೇಲೆ ಬೇರೆಬೇರೆ ಸದಸ್ಯರು ಅದೇ ಹೆಸರಿನಲ್ಲಿ ತಮ್ಮ ತಮ್ಮ ಗುಂಪು ಕಟ್ಟಿ ಊರೂರು ತಿರುಗಿದರು. ಅಲ್ಲಿ ಹೆಸರೇ ಬಂಡವಾಳ, ಮುಖಗಳು ಬದಲಾಗಬಹುದಿತ್ತು. ಗರ್ಬಾದಲ್ಲಿ ಮುಖ್ಯ ಗಾಯಕನ ಮುಖ ಬದಲಾಗುವುದಿಲ್ಲ, ಅದರ ಹಿಂದಿನ ಕೊರಳುಗಳು ಸದ್ದಿಲ್ಲದೆ ಬದಲಾಗುತ್ತವೆ. ಒಪ್ಪಂದ ಒಂಬತ್ತು ರಾತ್ರಿಗೆ. ಕೋರಸ್ಸಿನಲ್ಲಿ ಹೆಸರಿಲ್ಲದೆ ನಿಂತವಳು ಸಹಗಾಯಕಿಯಾಗಿ, ಆಮೇಲೆ ಬೇರೊಂದು ಮೈದಾನದ ಮುಖ್ಯ ಗಾಯಕಿಯಾಗಿ ತನ್ನದೇ ತಂಡ ಕಟ್ಟುವುದು ಇಲ್ಲಿ ಮೇಲೇರುವ ದಾರಿ. ಕೋರಸ್ ಒಂದು ಬಗೆಯ ಶಾಲೆಯೂ ಹೌದು, ಹಾಡಿನ ಸಾವಿರ ಸಾಲುಗಳು ಕಂಠಸ್ಥವಾಗುವುದು ಅಲ್ಲಿಯೇ.

ಮೂರು ನಗರಗಳು ಈ ವಿಷಯದಲ್ಲಿ ಒಂದೇ ಥರ ಇಲ್ಲ. ಅಹಮದಾಬಾದಿನಲ್ಲಿ ಸಾಬರಮತಿಯ ಪಶ್ಚಿಮ ದಂಡೆಯ, ಸಮಾರಂಭಗಳಿಗೆ ಬಾಡಿಗೆಗೆ ಸಿಗುವ ಬಯಲುಗಳಾದ ಪಾರ್ಟಿ ಪ್ಲಾಟ್‌ಗಳು ಗೆಳೆಯರ ಗುಂಪುಗಳಿಗೆ ಹೇಳಿ ಮಾಡಿಸಿದಂಥವು. ದೊಡ್ಡ ವೃತ್ತ ಒಡೆದು ಹತ್ತಾರು ಪುಟ್ಟ ವೃತ್ತಗಳಾಗುತ್ತವೆ, ಪ್ರತಿಯೊಂದಕ್ಕೂ ತಾಲೀಮು ಮಾಡಿಕೊಂಡು ಬಂದ ತನ್ನದೇ ಹೆಜ್ಜೆ. ಸೂರತ್ ಹವಾನಿಯಂತ್ರಿತ ಸಭಾಂಗಣಗಳಿಗೆ ಹೆಸರಾಗಿದೆ. ವಡೋದರಾ ಬೇರೆಯೇ ದಾರಿ ಹಿಡಿಯಿತು. ಯುನೈಟೆಡ್ ವೇ ಆಫ್ ಬರೋಡಾದಂಥ ಸಂಸ್ಥೆಗಳ ಮೈದಾನದಲ್ಲಿ ಸಾವಿರಾರು ಜನ ಒಂದರೊಳಗೊಂದು ವೃತ್ತಗಳಾಗಿ ಒಂದೇ ದಿಕ್ಕಿನಲ್ಲಿ ಸುತ್ತುತ್ತಾರೆ. ದಶಕಗಳಿಂದ ಅಲ್ಲಿ ಹಾಡುತ್ತಿರುವ ಅತುಲ್ ಪುರೋಹಿತರ ಹಾಡುಪಟ್ಟಿಯಲ್ಲಿ ಸಾಂಪ್ರದಾಯಿಕ ಗರ್ಬಾಗಳದ್ದೇ ಮೇಲುಗೈ. ಅರಸ ಸಯಾಜಿರಾವ್ ಗಾಯಕವಾಡರು 1886ರಲ್ಲಿ ಸಂಗೀತಗಾರ ಮೌಲಾ ಬಕ್ಷರ ಕೈಗೆ ಸಂಗೀತ ಶಾಲೆ ಕೊಟ್ಟ ಊರು ಅದು, ಕೇಳುವ ಕಿವಿ ಅಲ್ಲಿ ಹಳೆಯದು. ಜನಸಂದಣಿಯಲ್ಲಿ ವಡೋದರಾ ಯಾರಿಗೂ ಕಡಿಮೆಯಿಲ್ಲ, ಹಣದ ವಹಿವಾಟಿನಲ್ಲೂ ಇಲ್ಲ. ಆದರೂ ಹಾಡಿನ ಸಾಹಿತ್ಯ ಅಲ್ಲಿ ಹೆಚ್ಚು ಉಳಿದಿದೆ. ವ್ಯಾಪಾರವೇ ಗರ್ಬಾವನ್ನು ಕೆಡಿಸಿತು ಎಂಬ ವಾದ ಇಲ್ಲಿ ಎಡವುತ್ತದೆ.

ನನ್ನ ವಾದಕ್ಕೂ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಮೊದಲನೆಯದು, ಹಳೆಯ ವೃತ್ತವನ್ನು ತೀರಾ ಚಂದಗಾಣಿಸಬಾರದು ಎಂಬುದು. ಅಹಮದಾಬಾದಿನ ಅನೇಕ ಪೋಳ್‌ಗಳು ಒಂದೊಂದು ಜಾತಿಯವು ಅಥವಾ ಕಸುಬಿನವು. ಎಲ್ಲರೂ ಹಾಡುತ್ತಿದ್ದರು ಎಂದಾಗ ಆ ‘ಎಲ್ಲರೂ’ ಯಾರು ಎಂದು ಕೇಳಲೇಬೇಕು. ಮೈದಾನದ ಗರ್ಬಾ ಜಾತಿಯ ಬಾಗಿಲನ್ನು ಸ್ವಲ್ಪವಾದರೂ ಸರಿಸಿ ಟಿಕೆಟ್ಟಿನ ಬಾಗಿಲು ಇಟ್ಟಿತು. ಅದನ್ನು ಪ್ರಗತಿ ಎನ್ನಲು ಹಿಂಜರಿಕೆಯಿದೆ, ಬದಲಾವಣೆಯಲ್ಲ ಎನ್ನಲಾಗದು. ಎರಡನೆಯದು, ವೇದಿಕೆಯ ಕೋರಸ್ ಎಷ್ಟೋ ಮಧ್ಯಮ ವರ್ಗದ ಗಾಯಕ ಗಾಯಕಿಯರಿಗೆ ಸಂಪಾದನೆ ಕೊಟ್ಟಿದೆ, ಕೇರಿಯ ವೃತ್ತ ಯಾರಿಗೂ ಸಂಭಾವನೆ ಕೊಡಲಿಲ್ಲ ಎಂಬುದು. ಇದನ್ನು ಒಪ್ಪುತ್ತೇನೆ. ಅವರ ಹೆಸರು ಫಲಕದಲ್ಲಿ ಇರಬೇಕೆಂದು ನಾನು ಬಯಸುವುದೂ ಅದೇ ಕಾರಣಕ್ಕೆ. ಮೂರನೆಯದು ಎಲ್ಲಕ್ಕಿಂತ ಗಟ್ಟಿ. ಸಾವಿರಾರು ಜನ ಒಟ್ಟಿಗೆ ಹಾಡಲು ಸಾಧ್ಯವೇ ಇಲ್ಲ ಎಂದು ಮೇಲೆ ಹಾಕಿದ ಶಬ್ದದ ಲೆಕ್ಕವೇ ಹೇಳುತ್ತಿರುವಾಗ, ಹಿಮ್ಮೇಳ ವೇದಿಕೆ ಹತ್ತಿದ್ದು ಅನಿವಾರ್ಯವಲ್ಲವೆ?

ಇದನ್ನು ಪರೀಕ್ಷಿಸುವ ಅವಕಾಶವೊಂದು ಬೇಡದ ದಾರಿಯಿಂದ ಬಂತು. ಕೋವಿಡ್ ಕಾರಣ 2020ರಲ್ಲಿ ಗುಜರಾತಿನಲ್ಲಿ ಸಾರ್ವಜನಿಕ ಗರ್ಬಾ ನಡೆಯಲಿಲ್ಲ. 2021ರಲ್ಲಿ ಸರ್ಕಾರ ಪಾರ್ಟಿ ಪ್ಲಾಟ್‌ಗಳ ವಾಣಿಜ್ಯ ಗರ್ಬಾಕ್ಕೆ ಅನುಮತಿ ಕೊಡದೆ, 400 ಜನ ಮೀರದ ಶೇರಿ ಗರ್ಬಾಕ್ಕೆ ಮಾತ್ರ ಕೊಟ್ಟಿತು. ನಾನೂರು ಜನ ನಾಲ್ಕು ಸುತ್ತುಗಳಾಗಿ ನಿಂತರೆ ಹೊರಸುತ್ತಿನ ಅಗಲ ಸುಮಾರು ಮೂವತ್ತೈದು, ನಲವತ್ತು ಮೀಟರ್. ದನಿ ದಾಟಲು ಸೆಕೆಂಡಿನ ಹತ್ತನೇ ಒಂದು ಪಾಲು ಸಾಕು, ಒಟ್ಟಾಗಿ ಹಾಡಲು ಯಾವ ಅಡ್ಡಿಯೂ ಇಲ್ಲ. ಗಾತ್ರವೇ ಕಾರಣವಾಗಿದ್ದರೆ ಗಾತ್ರ ಕುಗ್ಗಿದಾಗ ವೃತ್ತಕ್ಕೆ ಬಾಯಿ ಮರಳಬೇಕಿತ್ತು. ಆದರೆ ವಸತಿ ಸೊಸೈಟಿಗಳ ಅಂಗಳದಲ್ಲಿ ಹಾಡಿಗಾಗಿ ಸ್ಪೀಕರನ್ನೇ ನೆಚ್ಚುವುದು ಆ ಹೊತ್ತಿಗಾಗಲೇ ರೂಢಿಯಾಗಿತ್ತು, ಮರುಹಾಡಿಗೆ ಬೇಕಾದ ಸಾಲುಗಳು ಕೆಲವೇ ಅಜ್ಜಿಯರಲ್ಲಿ ಉಳಿದಿದ್ದವು. ಲೆಕ್ಕ ಹೇಳುವುದು ಹಿಮ್ಮೇಳ ಏಕೆ ವೇದಿಕೆಗೆ ಹೋಯಿತು ಎಂಬುದನ್ನು ಮಾತ್ರ. ಏಕೆ ಕೆಳಗಿಳಿದು ಬರಲಿಲ್ಲ ಎಂಬುದಕ್ಕೆ ಅಭ್ಯಾಸವನ್ನೇ ಹುಡುಕಬೇಕು.

2023ರ ಡಿಸೆಂಬರಿನಲ್ಲಿ ಬೋಟ್ಸ್ವಾನಾದಲ್ಲಿ ಸೇರಿದ ಯುನೆಸ್ಕೊ ಸಮಿತಿ ಗುಜರಾತಿನ ಗರ್ಬಾವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂಥ ಪಟ್ಟಿಯಿಂದ ಮೈದಾನದಲ್ಲಿ ಏನೂ ತಟ್ಟನೆ ಬದಲಾಗದು, ಬದಲಾಗಬೇಕೆಂದೂ ಇಲ್ಲ. ಆದರೆ ಕಲೆಯನ್ನು ಉಳಿಸುವ ಕೆಲಸ ಎಲ್ಲಿ ನಡೆಯುತ್ತಿದೆ ಎಂದು ನೋಡಿದರೆ ಉತ್ತರ ಸಿಗುವುದು ಗರ್ಬಾ ತರಗತಿಗಳಲ್ಲಿ. ಹಬ್ಬಕ್ಕೆ ತಿಂಗಳುಗಳ ಮುಂಚೆಯೇ ಮೂರೂ ನಗರಗಳಲ್ಲಿ ಅವು ಶುರುವಾಗುತ್ತವೆ, ಮಕ್ಕಳಿಂದ ನಡುವಯಸ್ಸಿನವರವರೆಗೆ ಹಣ ಕೊಟ್ಟು ಸೇರುತ್ತಾರೆ. ಎರಡು ಚಪ್ಪಾಳೆ, ಮೂರು ಚಪ್ಪಾಳೆ, ಆರು ಹೆಜ್ಜೆಯ ದೋಢಿಯು, ಎಲ್ಲವನ್ನೂ ಅಲ್ಲಿ ಶಿಸ್ತಿನಿಂದ ಕಲಿಸುತ್ತಾರೆ. ಹಾಡನ್ನು ಮಾತ್ರ ಕಲಿಸುವುದಿಲ್ಲ, ಅದಕ್ಕೆ ಮೊಬೈಲಿಗೆ ಜೋಡಿಸಿದ ಸ್ಪೀಕರ್ ಇದೆ.